ಕೊನೆಯ ಮನೆಯ ನಲ್ಲಿಯಿಂದ ಶುರು ಮಾಡಿ

ಊರಿನ ನೀರು ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಓವರ್‌ಹೆಡ್ ಟ್ಯಾಂಕ್ ಕಡೆ ಕೈ ತೋರಿಸುತ್ತಾರೆ. ‘ಮೊನ್ನೆ ತಾನೆ ಬ್ಲೀಚಿಂಗ್ ಹಾಕಿದ್ದಾರೆ ಬಿಡಿ’ ಎನ್ನುತ್ತಾರೆ. ಆದರೆ ಟ್ಯಾಂಕಿಗೆ ಬಾಯಿ ಹಚ್ಚಿ ಯಾರೂ ಕುಡಿಯುವುದಿಲ್ಲ, ಅಲ್ವಾ? ಹಾಗಾಗಿ ಪರೀಕ್ಷೆ ಶುರುವಾಗಬೇಕಾದ್ದು ಪೈಪ್‌ಲೈನಿನ ತುತ್ತತುದಿಯ ಮನೆಯಲ್ಲಿ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಜಲಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡುತ್ತಾರೆ. ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ಅದನ್ನು ಬಳಸಲು ತರಬೇತಿ ಕೊಡಬೇಕು ಅಂತಲೂ ನಿಯಮವಿದೆ. ನಿಮ್ಮೂರಿನ ಆ ಐವರು ಯಾರು ಅಂತ ಮೊದಲು ಪಿಡಿಒ ಅವರನ್ನು ಕೇಳಿ. ಕಿಟ್ ಬೀರುವಿನಲ್ಲಿ ಪ್ಯಾಕ್ ಒಡೆಯದೆ ಕೂತಿದ್ದರೆ ಆಶ್ಚರ್ಯಪಡಬೇಡಿ. ಔಷಧಿ ಬಾಟಲಿಗಳ ಮೇಲಿನ ಅವಧಿ ದಿನಾಂಕ ಮಾತ್ರ ತಪ್ಪದೆ ನೋಡಿ.

ಹಳದಿ ಬಂತಾ?

ನೀರು ಬಿಟ್ಟು ಎರಡು ಮೂರು ನಿಮಿಷ ಹರಿಯಲಿ. ಕಿಟ್‌ನ ಚಿಕ್ಕ ಗಾಜಿನ ಕೊಳವೆಗೆ ಗುರುತಿನವರೆಗೆ ನೀರು ಹಿಡಿಯಿರಿ. ಕ್ಲೋರಿನ್ ಪರೀಕ್ಷೆಯ ದ್ರಾವಣವನ್ನು ಕಿಟ್‌ನಲ್ಲಿ ಹೇಳಿದಷ್ಟು ಹನಿ ಬಿಡಿ, ಅಲ್ಲಾಡಿಸಿ, ತಕ್ಷಣ ಬಣ್ಣದ ಪಟ್ಟಿಗೆ ಹೋಲಿಸಿ. ಕೆಲವು ಕಿಟ್‌ಗಳಲ್ಲಿ ಹಳದಿ ಬರುತ್ತದೆ, ಕೆಲವದರಲ್ಲಿ ಗುಲಾಬಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ನೀರಿನಿಂದ ಹರಡುವ ಕಾಯಿಲೆಯ ಸುದ್ದಿ ಇದ್ದರೆ 0.5ರ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ಉಳಿಕೆ ಅಂದರೆ ಏನು? ಹಾಕಿದ ಕ್ಲೋರಿನ್ ನೀರಿನ ಕೊಳೆ, ರೋಗಾಣುಗಳ ಜೊತೆ ಸೆಣಸಿ ಖರ್ಚಾಗುತ್ತದೆ. ಎಲ್ಲ ಮುಗಿದ ಮೇಲೂ ಚೂರು ಮಿಕ್ಕಿದ್ದರೆ ದಾರಿಯಲ್ಲಿ ಹೊಸ ಕೊಳೆ ಸೇರಿದರೂ ಒಂದು ಮಟ್ಟಿಗೆ ಕಾವಲಿದೆ ಅಂತ ಅರ್ಥ. ಬಣ್ಣವೇ ಬರದಿದ್ದರೆ ಕಾವಲಿಲ್ಲ.

ಟ್ಯಾಂಕಿಗೆ ಎಷ್ಟು ಹಾಕಬೇಕು

ನೀರುಗಂಟಿಗಳು ‘ಒಂದು ಬೊಗಸೆ’, ‘ಎರಡು ಮಗ್’ ಲೆಕ್ಕದಲ್ಲಿ ಹಾಕುತ್ತಾರೆ. ಅವರ ತಪ್ಪಲ್ಲ, ಲೆಕ್ಕ ಹೇಳಿಕೊಟ್ಟವರೇ ಇಲ್ಲ. ನಿಮ್ಮೂರಿನದು 50,000 ಲೀಟರ್ ಟ್ಯಾಂಕ್ ಅಂದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಕ್ಲೋರಿನ್ ಅಂತ ಹಿಡಿದರೆ 400 ಗ್ರಾಂ ಪೌಡರ್. ಹೊಸ ಚೀಲದಲ್ಲಿ ಇದಕ್ಕಿಂತ ಜಾಸ್ತಿ ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿಟ್ಟು ತಂಡಿ ಹಿಡಿದ ಚೀಲದಲ್ಲಿ ಸುಣ್ಣ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್‌ನಲ್ಲಿ, ನೆರಳಲ್ಲಿ ಇಡಿ.

ಪೌಡರ್ ಅನ್ನು ಹಾಗೇ ಟ್ಯಾಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಆಮೇಲೆ ಬಕೆಟ್ ತುಂಬಾ ನೀರು ಹಾಕಿ ತಿರುಗಿಸಿ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ, ಗಾಳಿಗೆ ಬೆನ್ನು. ಅರ್ಧ ಗಂಟೆ ಬಿಟ್ಟು ವಾಲ್ವ್ ತಿರುಗಿಸಿ, ಮತ್ತೆ ಕೊನೆಯ ಮನೆಗೆ ಹೋಗಿ ಅಳೆಯಿರಿ. ಬಣ್ಣ ತಿಳಿಯಾದರೆ ನಾಳೆ ಸ್ವಲ್ಪ ಹೆಚ್ಚಿಸಿ, ವಾಸನೆ ಮೂಗಿಗೆ ಬಡಿದರೆ ಇಳಿಸಿ. ನಾಲ್ಕೈದು ದಿನದಲ್ಲಿ ನಿಮ್ಮ ಟ್ಯಾಂಕಿನ ಅಳತೆ ಸಿಕ್ಕೇ ಸಿಗುತ್ತದೆ. ದಿನಕ್ಕೆರಡು ಸಲ ಟ್ಯಾಂಕ್ ತುಂಬಿಸಿದರೆ ಎರಡು ಸಲವೂ ಹಾಕಬೇಕು, ಇದನ್ನು ಮರೆಯುವವರೇ ಹೆಚ್ಚು.

ಟ್ಯಾಂಕಲ್ಲಿದೆ, ನಲ್ಲಿಯಲ್ಲಿಲ್ಲ

ನಮ್ಮೂರಿನಲ್ಲಿ ಆಗಿದ್ದು ಇದೇ. ಟ್ಯಾಂಕಿನ ಬುಡದಲ್ಲಿ ಚೆನ್ನಾಗಿ ಹಳದಿ, ಕೊನೆಯ ಓಣಿಯಲ್ಲಿ ಬರೀ ನೀರಿನ ಬಣ್ಣ. ಹಿಂದೆ ಹಿಂದೆ ಮನೆ ಮನೆಗೂ ಅಳೆಯುತ್ತಾ ಬಂದೆವು. ಕಿರಾಣಿ ಅಂಗಡಿಯವರೆಗೆ ಬಣ್ಣವಿತ್ತು, ಅದರಾಚೆ ಮನೆಯಲ್ಲಿ ಇಲ್ಲ. ನಡುವೆ ಚರಂಡಿ. ಕೊಳಚೆ ಸರಿಸಿ ನೋಡಿದರೆ ಪೈಪಿನ ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ನೀರು ಬಿಟ್ಟಾಗ ಅಲ್ಲಿ ಜಿನುಗುತ್ತಿತ್ತು. ನಿಲ್ಲಿಸಿದಾಗ? ಖಾಲಿಯಾಗುವ ಪೈಪ್ ಅದೇ ತೂತಿನಿಂದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತಿತ್ತು. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರುಗಳ ದೊಡ್ಡ ಕಷ್ಟ ಇದು. ಮನೆಯಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವವರಿದ್ದರೆ ಇನ್ನೂ ಜಾಸ್ತಿ.

ಅಂಥ ಕಡೆ ಎಚ್‌2ಎಸ್ ಬಾಟಲಿ ಪರೀಕ್ಷೆ ಮಾಡಿ. ಕೊಳಚೆಯ ಬ್ಯಾಕ್ಟೀರಿಯಾ ಸುಳಿವು ಕೊಡುವ, ಔಷಧಿ ಹಾಕಿಟ್ಟ ಚಿಕ್ಕ ಬಾಟಲಿ ಅದು. ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಾದರೆ ಕೊಳಚೆ ಸೇರಿದೆ ಅಂತ ಅನುಮಾನಪಡಬೇಕು. ಜಾಯಿಂಟ್ ಸರಿಯಾಗುವವರೆಗೆ ಆ ಓಣಿಯವರು ಚೆನ್ನಾಗಿ ಕುದಿಸಿ ಕುಡಿಯಬೇಕು. ಆಶಾ ಕಾರ್ಯಕರ್ತೆಗೂ ಒಂದು ಮಾತು ತಿಳಿಸಿ.

ಕುದಿಸಿದರೂ ಹೋಗದ್ದು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಓದುಗರಿಗೆ ಬೋರ್‌ವೆಲ್ ನೀರಿನಲ್ಲಿ ಕರಗಿ ಬಂದು ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಗೊತ್ತೇ ಇರುತ್ತದೆ. ಫ್ಲೋರೈಡ್‌ಗೆ ಬ್ಲೀಚಿಂಗ್ ಏನೂ ಮಾಡುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಅಷ್ಟೇ. ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಅದಕ್ಕೆ ರಿಯಾಯಿತಿ ಇಲ್ಲ. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಅದು ಅಪಾಯ. ಇವೆರಡರಲ್ಲಿ ಯಾವುದು ಮೀರಿದರೂ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಅಥವಾ ಬೇರೆ ಬೋರ್‌ವೆಲ್ಲೇ ಗತಿ.

ಕಿಟ್ ಸುಳಿವು ಕೊಡುತ್ತದೆ, ತೀರ್ಪು ಪ್ರಯೋಗಾಲಯದ್ದು. ರಾಸಾಯನಿಕ ಪರೀಕ್ಷೆ ವರ್ಷಕ್ಕೊಂದು ಸಲ, ಬ್ಯಾಕ್ಟೀರಿಯಾ ಪರೀಕ್ಷೆ ಮಳೆಗಾಲದ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. ಬ್ಯಾಕ್ಟೀರಿಯಾಕ್ಕೆ ಪ್ರಯೋಗಾಲಯದವರು ಕೊಟ್ಟ ಬಾಟಲಿಯನ್ನೇ ಬಳಸಿ, ತೊಳೆಯಬೇಡಿ. ಕ್ಲೋರಿನ್ ಕಳೆಯುವ ಪುಡಿ ಒಳಗಿರುತ್ತದೆ. ಮುಚ್ಚಳದ ಒಳಬದಿ ಮುಟ್ಟಬೇಡಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.

ಕೊನೆಗೆ, ಒಂದು ನೋಟ್‌ಬುಕ್. ದಿನಾಂಕ, ಯಾರ ಮನೆ, ಎಷ್ಟು ಬಂತು, ಅಷ್ಟು ಸಾಕು. ಜಾಯಿಂಟ್ ಸರಿ ಮಾಡಿಸಿ ಅಂತ ನಾವು ಬಾಯಲ್ಲಿ ಹೇಳಿದ್ದು ಎಷ್ಟು ಸಲವೋ. ಗ್ರಾಮಸಭೆಯಲ್ಲಿ ಕೊನೆಯ ಓಣಿಯ ಹನ್ನೊಂದು ದಿನದ ಸೊನ್ನೆಗಳನ್ನು ಒಂದೊಂದಾಗಿ ಓದಿದೆವು. ಮುಂದಿನ ವಾರವೇ ಹೊಸ ಪೈಪ್ ಬಂತು, ಚರಂಡಿಯಿಂದ ಆಚೆ ಹಾಕಿದರು.