ಜೊತೆಯವರು ದೂರವಾದ ಮೇಲೂ ಮೆಟಲ್ ಬಳಗದಲ್ಲಿ ಉಳಿಯುವ ಬಗೆ

ಹೆವಿ ಮೆಟಲ್ ಸಂಗೀತದ ಐರನ್ ಮೇಡನ್ ತಂಡವು 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಇಪ್ಪತ್ತರ ಆಸುಪಾಸಿನಲ್ಲಿದ್ದವರು ಈಗ ನಲವತ್ತನ್ನು ಮುಟ್ಟುತ್ತಿದ್ದಾರೆ. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಇನ್ನೊಂದು ಮೆಟಲ್ ತಂಡ ಮೆಟಾಲಿಕಾ ಬಂದಾಗ ಕೆಸರಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ ನಮ್ಮ ಏಳು ಜನರಲ್ಲಿ ಇಬ್ಬರು ಊರು ಬಿಟ್ಟಿದ್ದಾರೆ; ನಾಲ್ವರಿಗೆ ಮಕ್ಕಳ ಶಾಲೆ, ಮನೆಸಾಲದ ಕಂತುಗಳ ನಡುವೆ ಶನಿವಾರದ ಸಂಜೆಯೇ ಉಳಿದಿಲ್ಲ. ಕಪ್ಪು ಟೀ ಶರ್ಟನ್ನು ಇನ್ನೂ ಬಿಡಲಾಗದ ನನ್ನಂಥವರಿಗಾಗಿ ಈ ಮಾತುಗಳು.

ವಾಟ್ಸಾಪ್ ಗುಂಪಿನಲ್ಲಿ ‘ಯಾರ್ಯಾರು ಬರ್ತೀರಿ?’ ಎಂದು ಕೇಳಿ ಉತ್ತರಕ್ಕೆ ಕಾಯುವುದನ್ನು ಮೊದಲು ನಿಲ್ಲಿಸಿ, ಒಂದೇ ಟಿಕೆಟ್ ಕೊಳ್ಳಿರಿ. ಒಂಟಿಯಾಗಿ ಹೋಗುವವರು ಮುಖ್ಯ ತಂಡದ ಹೊತ್ತಿಗೆ ಹೋಗಬಾರದು. ಆಗ ಎಲ್ಲರೂ ತಮ್ಮ ತಮ್ಮ ಗುಂಪುಗಳಲ್ಲಿ ಸೇರಿಹೋಗಿರುತ್ತಾರೆ. ಮೊದಲ ತಂಡ ನುಡಿಸುವಾಗ ಸಭಾಂಗಣದಲ್ಲಿ ಮೂವತ್ತು ಜನರಿದ್ದರೆ ಹೆಚ್ಚು, ಅವರಲ್ಲಿ ಅರ್ಧದಷ್ಟು ಮಂದಿ ವಾದಕರ ಗೆಳೆಯರೇ. ಡ್ರಮ್ ಬದಲಾಯಿಸುವ ಹದಿನೈದು ನಿಮಿಷಗಳಲ್ಲಿ, ಟೀ ಶರ್ಟ್ ಮಾರುವ ಮೇಜಿನ ಬಳಿ ನಿಂತರೆ ಮಾತು ತಾನಾಗಿಯೇ ಹುಟ್ಟುತ್ತದೆ. ಸೌಂಡ್ ಮಿಕ್ಸರ್ ಇಟ್ಟಿರುವ ಜಾಗದ ಹತ್ತಿರವೇ ನಿಲ್ಲಿರಿ, ಏಕೆಂದರೆ ಇಂಜಿನಿಯರ್ ಧ್ವನಿಯನ್ನು ಹದಗೊಳಿಸುವುದು ತನ್ನ ಕಿವಿಗೆ ಕೇಳಿದಂತೆ. ಇಯರ್‌ಪ್ಲಗ್ ಮರೆಯಬೇಡಿ, ನಲವತ್ತರ ಕಿವಿಗೆ ಇದು ನಾಚಿಕೆಯ ವಿಷಯವಲ್ಲ.

ಹುಡುಗರನ್ನು ಪರೀಕ್ಷೆಗೊಡ್ಡುವುದು ನಮ್ಮ ಪೀಳಿಗೆಯ ಕೆಟ್ಟ ಚಾಳಿ. ‘ಅಂಗಿ ಮೇಲಿರೋ ತಂಡದ ಮೂರು ಹಾಡು ಹೇಳು ನೋಡೋಣ’ ಎಂದು ನಾನೊಮ್ಮೆ ಒಬ್ಬ ಹುಡುಗನನ್ನು ಕೆಣಕಿದ್ದೆ. ಅವನು ನಕ್ಕು, ಹಿಂದಿನ ಗೋಡೆಗೆ ಒರಗಿ ಮೊಬೈಲ್ ನೋಡುತ್ತ ನಿಂತುಬಿಟ್ಟನು. ನಮ್ಮ ಕಾಲವೇ ಕಾಲವೆಂದು ಹಲುಬುವವರು ನೆನಪಿಡಬೇಕಾದದ್ದಿದೆ: ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಸಂಗೀತೋತ್ಸವ ಆರಂಭವಾದದ್ದೇ 2012ರಲ್ಲಿ, ಅಂದರೆ ಆ ಕೆಸರಿನ ಸಂಜೆಯ ಮರುವರ್ಷ.

ಹಳೆಯ ಗೆಳೆಯರಿಗೆ ವಾರವಾರವೂ ಹಾಡಿನ ಲಿಂಕ್ ಕಳುಹಿಸಿ ಬೇಸರ ತರಿಸುವುದಕ್ಕಿಂತ, ವರ್ಷಕ್ಕೊಂದು ಕಾರ್ಯಕ್ರಮವನ್ನು ಆರಿಸಿ, ತಿಂಗಳ ಮೊದಲೇ ದಿನಾಂಕವನ್ನೂ ಮುಗಿಯುವ ಸಮಯವನ್ನೂ ತಿಳಿಸಿರಿ. ಮನೆಯಲ್ಲಿ ಒಪ್ಪಿಗೆ ಪಡೆಯಬೇಕಾದವನಿಗೆ ಮುಗಿಯುವ ಸಮಯವೇ ಮುಖ್ಯ. ಬಾರದಿದ್ದರೆ ‘ಬದಲಾಗಿಬಿಟ್ಟೆ’ ಎಂದು ಚುಚ್ಚಬೇಡಿ.

ಉಳಿದದ್ದು ವಸ್ತುಗಳ ಮಾತು. ಟೀ ಶರ್ಟನ್ನು ಒಳಮಗ್ಗುಲು ಹೊರಮಾಡಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿರಿ. ಚಿತ್ರದ ಮೇಲೆ ಇಸ್ತ್ರಿಪೆಟ್ಟಿಗೆ ಇಡಬೇಡಿ. ಥರ್ಮಲ್ ಕಾಗದದ ಟಿಕೆಟ್ಟಿನ ಅಕ್ಷರಗಳು ಕೆಲವು ವರ್ಷಗಳಲ್ಲಿ ಮಾಸಿಹೋಗುವುದರಿಂದ ಅದರ ಫೋಟೋ ತೆಗೆದಿಟ್ಟು, ಹಿಂಬದಿಯಲ್ಲಿ ದಿನಾಂಕವನ್ನೂ ಜೊತೆಗಿದ್ದವರ ಹೆಸರುಗಳನ್ನೂ ಬಾಲ್‌ಪೆನ್ನಿನಲ್ಲಿ ಬರೆಯಿರಿ. ಒಬ್ಬರೇ ಹೋಗಿದ್ದರೆ, ಮೂವತ್ತು ಜನರೆದುರು ಮೊದಲು ನುಡಿಸಿದ ಆ ತಂಡದ ಹೆಸರನ್ನು ಬರೆದಿಡಿರಿ.