ಖರಾಬು ಎಂದು ಬರೆಯದ ನಕ್ಷೆ

ಬಂಡೆ ಕಂಡಲ್ಲಿ ಖರಾಬು ಎಂದು ಬರೆಯುವುದು ನನ್ನ ಕೈಗೆ ಮೂವತ್ತೊಂದು ವರ್ಷಗಳ ರೂಢಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಭೂಮಾಪಕನಾಗಿ ಸುತ್ತಿದವನು ನಾನು. ಬೇಸಾಯಕ್ಕೆ ಬಾರದ ಕಲ್ಲುನೆಲ ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನ ‘ಬ’ ಖರಾಬು. ಒಟ್ಟು ವಿಸ್ತೀರ್ಣದಲ್ಲಿ ಅವನ್ನು ಕಳೆದರೆ ಉಳಿಯುವುದೇ ಸಾಗುವಳಿ ಜಮೀನು. 2024ರ ಅಕ್ಟೋಬರಿನಲ್ಲಿ, ಇಸ್ರೇಲ್ ವಶದಲ್ಲಿರುವ ಪಶ್ಚಿಮ ದಂಡೆಯ ಬೆತ್ಲೆಹೆಮ್ ಪಕ್ಕದ ಬತ್ತೀರ್ ಎಂಬ ಪ್ಯಾಲೆಸ್ಟೀನಿ ಗ್ರಾಮದ ಇಳಿಜಾರಿನಲ್ಲಿ, ಅದೇ ಪದ ಬರೆದು ಒಂದು ಕುಟುಂಬದ ಜಮೀನನ್ನು ಕಾಗದದ ಮೇಲೆ ನಾನೇ ಕಳೆದುಬಿಡುತ್ತಿದ್ದೆ.

ನಾನು ಹೋದದ್ದು ಆಲಿವ್ ಕೊಯ್ಲಿಗೆ. ಕೊಯ್ಲಿನ ಕಾಲದಲ್ಲಿ ಹೊರದೇಶದವರು ಜೊತೆಗಿದ್ದರೆ ರೈತರಿಗೆ ಧೈರ್ಯ ಎಂದು ಪರಿಚಿತರೊಬ್ಬರು ಕರೆದಿದ್ದರು. ಮರದ ಕೆಳಗೆ ಹಾಸು ಹಾಸಿ ಕಾಯಿ ಉದುರಿಸುವ ಕೆಲಸ. ನಾಲ್ಕನೆಯ ದಿನ ಊಟದ ಹೊತ್ತಿಗೆ ನನ್ನ ಹಳೆಯ ಉದ್ಯೋಗ ಯಾವುದೆಂದು ತಿಳಿಯಿತು. ಅಲ್ಲಿಂದ ಮುಂದೆ ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಊರಿಗೆಲ್ಲ ನಾನು ‘ಮುಹಂದಿಸ್’, ಅಂದರೆ ಎಂಜಿನಿಯರ್. ಮರುದಿನವೇ ಕೈಗೆ ಟೇಪ್ ಬಂತು.

ಬತ್ತೀರ್‌ನ ಜಮೀನು ತಕರಾರಿನ ಗಡಿಯ ಮೇಲೆಯೇ ಕುಳಿತಿದೆ. ಕಣಿವೆಯ ತಳದಲ್ಲಿ ಯಾಫಾ–ಜೆರುಸಲೇಮ್ ರೈಲುಹಳಿ. ಇಸ್ರೇಲ್–ಜೋರ್ಡಾನ್ ನಡುವಿನ 1949ರ ಕದನವಿರಾಮದ ಗೆರೆ ಅಲ್ಲೇ ಹಾದುಹೋಯಿತು. ಊರು ಖಾಲಿಯಾಗಿಲ್ಲ ಎಂದು ತೋರಿಸಲು ಆಗಿನ ಮುಖಂಡ ಹಸನ್ ಮುಸ್ತಫಾ ಮನೆಮನೆಯಲ್ಲಿ ದೀಪ ಹಚ್ಚಿಸಿ, ಬಟ್ಟೆ ಒಣಹಾಕಿಸಿದ ಕಥೆಯನ್ನು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ರೈಲಿಗೆ ತೊಂದರೆ ಮಾಡುವುದಿಲ್ಲ ಎಂಬ ಮಾತಿನ ಮೇಲೆ ಗೆರೆಯ ಆಚೆಗಿದ್ದ ತಮ್ಮ ಹೊಲಗಳನ್ನೂ ಉಳುವ ಹಕ್ಕನ್ನು ಅವರು ಉಳಿಸಿಕೊಂಡರು. ಮೆಟ್ಟಿಲು ಮೆಟ್ಟಿಲಾದ ಆ ಹೊಲಗಳನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಶ್ಚಿಮ ದಂಡೆಯನ್ನು ಬೇರ್ಪಡಿಸುವ ತಡೆಗೋಡೆಯನ್ನು ಅಲ್ಲಿ ಕಟ್ಟುವ ಯೋಜನೆಯನ್ನು 2015ರ ಜನವರಿಯಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ತಡೆಹಿಡಿಯಿತು. ಇಸ್ರೇಲಿನದೇ ನಿಸರ್ಗ ಮತ್ತು ಉದ್ಯಾನ ಪ್ರಾಧಿಕಾರವೂ ಗೋಡೆ ಬೇಡವೆಂದಿತ್ತು. ಊರಿನ ಬುಗ್ಗೆಯ ನೀರನ್ನು ಎಂಟು ಮನೆತನಗಳು ಸರದಿಯಲ್ಲಿ ಹಂಚಿಕೊಳ್ಳುವುದರಿಂದ ನೀರಿನ ಲೆಕ್ಕದಲ್ಲಿ ಬತ್ತೀರ್‌ಗೆ ವಾರವೆಂದರೆ ಎಂಟು ದಿನ.

ನಾನು ಹೋಗುವ ಎರಡು ತಿಂಗಳ ಹಿಂದೆ, ಆಗಸ್ಟ್‌ನಲ್ಲಿ, ಬತ್ತೀರ್ ಬಳಿ ನಹಲ್ ಹೆಲೆಟ್ಜ್ ಎಂಬ ಹೊಸ ಇಸ್ರೇಲಿ ವಸಾಹತಿಗೆ 602 ದೂನಮ್ ಗುರುತಿಸಿರುವುದಾಗಿ ಇಸ್ರೇಲ್ ಪ್ರಕಟಿಸಿತ್ತು. ಒಂದು ದೂನಮ್ ಎಂದರೆ ಸಾವಿರ ಚದರ ಮೀಟರ್, ನಮ್ಮ ಹತ್ತು ಗುಂಟೆಗೆ ಕೂದಲೆಳೆಯಷ್ಟು ಕಡಿಮೆ. ಒಟ್ಟು ಸುಮಾರು 149 ಎಕರೆ. ಗುಷ್ ಎಟ್ಜಿಯೊನ್ ವಸಾಹತುಗಳನ್ನು ಜೆರುಸಲೇಮ್‌ಗೆ ಜೋಡಿಸುವುದೇ ಉದ್ದೇಶವೆಂದು ಸಚಿವ ಬೆಜಲೆಲ್ ಸ್ಮೊಟ್ರಿಚ್ ಬಹಿರಂಗವಾಗಿಯೇ ಹೇಳಿದ್ದರು. ಇಂಥ ವಸಾಹತುಗಳು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು 2016ರಲ್ಲಿ ಭದ್ರತಾ ಮಂಡಳಿಯೂ 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಹೇಳಿವೆ. ಇಸ್ರೇಲ್ ಅದನ್ನು ಒಪ್ಪುವುದಿಲ್ಲ. ನನಗೆ ನ್ಯಾಯಾಲಯದ ಮಾತು ಸರಿಯೆನಿಸುತ್ತದೆ. ಆದರೆ ಹೊಲದಲ್ಲಿ ನಿಂತವನಿಗೆ ಆ ಅಭಿಪ್ರಾಯ ದೂರದ್ದು. ಅವನಿಗೆ ಬೇಕಾದದ್ದು ತನ್ನ ತುಂಡು ಜಮೀನಿಗೆ ಒಂದು ದಾಖಲೆ.

ದಾಖಲೆಯ ಕಷ್ಟ ನನಗೆ ಬೇಗ ಅರ್ಥವಾಯಿತು, ಏಕೆಂದರೆ ಅದು ನಮ್ಮ ಬಗರ್ ಹುಕುಂ ಕಡತದ ತಲೆಕೆಳಗಾದ ರೂಪ. ನಮ್ಮಲ್ಲಿ ಸರ್ಕಾರಿ ಜಮೀನು ತನ್ನದಾಗಲಿ ಎಂದು ನಮೂನೆ 50, 53, 57 ಹಿಡಿದು ರೈತ ಸಾಗುವಳಿಯನ್ನು ಸಾಬೀತು ಮಾಡುತ್ತಾನೆ. ಅಲ್ಲಿ ತನ್ನ ಜಮೀನು ಸರ್ಕಾರದ್ದಾಗದಿರಲಿ ಎಂದು ಸಾಬೀತು ಮಾಡಬೇಕು. 1858ರ ಒಟ್ಟೊಮನ್ ಭೂ ಕಾಯ್ದೆಯ ಪ್ರಕಾರ ಸಾಗುವಳಿಯಿಂದ ಹಕ್ಕು ಹುಟ್ಟುತ್ತದೆ. ಮೂರು ವರ್ಷ ಪಾಳು ಬಿದ್ದರೆ ಹಕ್ಕು ಹೋಗಬಹುದು. ಆ ಹಳೆಯ ಕಾಯ್ದೆಯನ್ನೇ ಆಧಾರ ಮಾಡಿಕೊಂಡು ದೊಡ್ಡ ದೊಡ್ಡ ಪ್ರದೇಶಗಳನ್ನು ‘ಸರ್ಕಾರಿ ಜಮೀನು’ ಎಂದು ಘೋಷಿಸಲಾಗಿದೆ. ಬ್ರಿಟಿಷರ ಕಾಲದಲ್ಲಿ ಆರಂಭವಾಗಿ ಜೋರ್ಡಾನ್ ಆಳ್ವಿಕೆಯಲ್ಲಿ ಮುಂದುವರಿದಿದ್ದ ಹಕ್ಕು ನೋಂದಣಿಯನ್ನು 1968ರಲ್ಲಿ ಇಸ್ರೇಲ್ ನಿಲ್ಲಿಸಿತು. ಅಷ್ಟು ಹೊತ್ತಿಗೆ ಪಶ್ಚಿಮ ದಂಡೆಯ ಮೂರನೆಯ ಒಂದು ಭಾಗವಷ್ಟೇ ನೋಂದಣಿಯಾಗಿತ್ತು. ಉಳಿದವರ ಕೈಯಲ್ಲಿರುವುದು ಕಂದಾಯ ರಸೀದಿ, ಹಳೆಯ ಕ್ರಯಪತ್ರ, ಮತ್ತು ಮರ.

ಕಲ್ಲುನೆಲಕ್ಕೆ ಇನ್ನೂ ಒಂದು ಗಂಡಾಂತರವಿದೆ. ತುಂಡಿನ ಅರ್ಧದಷ್ಟಾದರೂ ಸಾಗುವಳಿಯಾಗಿರಬೇಕು ಎಂಬುದು ಅಲ್ಲಿನ ಆಡಳಿತ ಅನುಸರಿಸಿಕೊಂಡು ಬಂದ ಅಳತೆಗೋಲು. ಬಂಡೆಗಳ ನಡುವೆ ಅಲ್ಲಲ್ಲಿ ನಾಲ್ಕು ಮರ, ಎರಡು ಬಳ್ಳಿ ಇದ್ದರೆ ಸಾಲದು.

ನಾನು ಮೊದಲು ಅಳೆದದ್ದು ವಯಸ್ಸಾದ ಹೆಂಗಸೊಬ್ಬರ ಜಮೀನನ್ನು. ಊರಿನವರಂತೆ ನಾನೂ ಅವರನ್ನು ‘ಹಜ್ಜಾ’ ಎಂದೇ ಕರೆಯುತ್ತಿದ್ದೆ; ಅದು ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಮೊಬೈಲಿನ ಜಿಪಿಎಸ್ ಮರದ ನೆರಳಿನಲ್ಲಿ ನಾಲ್ಕೈದು ಮೀಟರ್ ಅತ್ತಿತ್ತ ಆಗುತ್ತಿತ್ತು. ಮೂರು ಮೀಟರ್ ಅಗಲದ ಮೆಟ್ಟಿಲಿಗೆ ಅದು ಏನೂ ಪ್ರಯೋಜನವಿಲ್ಲ. ಹಾಗಾಗಿ ಮೂಲ ಗೆರೆಯೊಂದನ್ನು ಹಾಕಿ, ಅದರಿಂದ ಲಂಬವಾಗಿ ಟೇಪ್ ಹಿಡಿದು, ಸರಪಳಿ ಕಾಲದ ಪದ್ಧತಿಗೆ ಮರಳಿದೆ. ಎರಡು ದಿನದ ಕೆಲಸ. ಒಟ್ಟು 4.2 ದೂನಮ್. ಮಣ್ಣಿರುವ ಭಾಗ 1.9. ಉಳಿದದ್ದಕ್ಕೆಲ್ಲ ಕೈ ತಾನಾಗಿಯೇ ಖರಾಬು ಎಂದು ಬರೆದಿತ್ತು. ಸಾಗುವಳಿ ಶೇ 45, ಅರ್ಧಕ್ಕಿಂತ ಕಡಿಮೆ. ರಾತ್ರಿ ಲೆಕ್ಕ ಹಾಕಿ ಕುಳಿತಾಗ ಹೊಟ್ಟೆಯಲ್ಲಿ ತಳಮಳವಾಯಿತು. ಈ ಹಾಳೆ ಕಡತಕ್ಕೆ ಸೇರಿದರೆ ಎದುರು ಕಕ್ಷಿಯ ವಕೀಲನಿಗೆ ಬೇರೆ ಸಾಕ್ಷಿಯೇ ಬೇಡ.

ಬೆಳಿಗ್ಗೆ ಹಜ್ಜಾಗೆ ಹಾಳೆ ತೋರಿಸಿ, ಗೆರೆ ಎಳೆದು ಮಬ್ಬು ಮಾಡಿದ್ದ ಜಾಗಗಳಿಗೆ ನಮ್ಮಲ್ಲಿ ಖರಾಬು ಎನ್ನುತ್ತಾರೆ ಎಂದೆ. ಪದ ಅವರಿಗೆ ಅರ್ಥವಾಗಿಬಿಟ್ಟಿತು. ಅರಬ್ಬಿಯಲ್ಲಿ ಖರಾಬ್ ಎಂದರೆ ಹಾಳು, ನಾಶ. ಹಾಳೂರಿಗೆ ಅವರು ‘ಖಿರ್ಬೆ’ ಎನ್ನುತ್ತಾರೆ, ಅದೇ ಧಾತು. ಹದ್ದು, ಹಿಸ್ಸೆ, ಮಾಲೀಕ, ವಾರಸು ಎಂಬ ನಮ್ಮ ಕಂದಾಯದ ಮಾತುಗಳೆಲ್ಲ ಆ ಊರಿನಲ್ಲಿ ನನಗೆ ನೆಂಟರಂತೆ ಎದುರಾಗುತ್ತಿದ್ದವು. ಇದೊಂದು ಮಾತ್ರ ಅವರ ಮುಖವನ್ನು ಕಪ್ಪಾಗಿಸಿತು. ಅವರು ಏನೂ ಹೇಳದೆ ನನ್ನ ತೋಳು ಹಿಡಿದು ಕಲ್ಲುಗೋಡೆಯ ಹತ್ತಿರ ಕರೆದೊಯ್ದರು, ಕುಸಿದಿದ್ದ ಒಂದು ಕಡೆ ನಿಲ್ಲಿಸಿ ಒಳಗೆ ನೋಡು ಎಂದರು. ಹೊರಗೆ ದೊಡ್ಡ ಕಲ್ಲು, ಅದರ ಹಿಂದೆ ಮುಷ್ಟಿಗಾತ್ರದ ಕಲ್ಲು, ಅದರ ಹಿಂದೆ ಜಲ್ಲಿ, ಆಮೇಲೆ ಕೆಂಪು ಮಣ್ಣು. ಗಾರೆ ಇಲ್ಲ. ಮಳೆಯ ನೀರು ಇಳಿದುಹೋಗಬೇಕು, ಮಣ್ಣು ನಿಲ್ಲಬೇಕು. ಹತ್ತಿರ ಹತ್ತಿರ ಒಂದು ಮೀಟರ್ ದಪ್ಪ. ಅಷ್ಟು ಕಲ್ಲನ್ನೂ ಆ ಮಣ್ಣಿನಿಂದಲೇ ಹೆಕ್ಕಿದ್ದಾರೆ.

ಆ ಗೋಡೆ ಖರಾಬು ಹೇಗಾಗುತ್ತದೆ? ಗೋಡೆ ಇಲ್ಲದಿದ್ದರೆ ಹೊಲವೇ ಇಲ್ಲ.

ಮತ್ತೆ ಮೊದಲಿನಿಂದ ಅಳೆದೆ. ಹನ್ನೊಂದು ಗೋಡೆಗಳ ಉದ್ದ, ಪ್ರತಿಯೊಂದರ ದಪ್ಪ ಮೂರು ಕಡೆ. ಹತ್ತುವ ಮೆಟ್ಟಿಲು, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ, ಹೆಕ್ಕಿದ ಕಲ್ಲಿನ ರಾಶಿ, ಕಾವಲಿಗೆ ಕಟ್ಟಿದ ಸಣ್ಣ ಕಲ್ಲುಗೋಪುರ. ಒಟ್ಟು 0.8 ದೂನಮ್. ಹಿಂದಿನದಕ್ಕೆ ಸೇರಿಸಿದರೆ 2.7, ಅಂದರೆ ಶೇ 64. ಒಂದು ಚದರ ಮೀಟರನ್ನೂ ನಾನು ಉಬ್ಬಿಸಿ ಬರೆಯಲಿಲ್ಲ. ನಿಜವಾಗಿ ಬರಿಬಂಡೆಯಾಗಿದ್ದ 1.5 ದೂನಮ್ ಅನ್ನು ಹಾಗೆಯೇ ತೋರಿಸಿದೆ. ಸುಳ್ಳು ಸೇರಿದ ನಕ್ಷೆ ಮೊದಲ ಪಾಟೀಸವಾಲಿಗೇ ಬೀಳುತ್ತದೆ. ಇದನ್ನು ನಾನು ಹಾಸನದ ನ್ಯಾಯಾಲಯದಲ್ಲಿ ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಇಂಥ ಕೆಲಸ ಮಾಡುವವರಿಗೆ ಒಂದು ಮಾತು. ಸುತ್ತಳತೆಯಿಂದ ಆರಂಭಿಸಬೇಡಿ. ಮಧ್ಯದ ಮರದಿಂದ ಆರಂಭಿಸಿ. ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ಬುಡದ ಸುತ್ತಳತೆ ತೆಗೆದು, ಸವರಿದ ಕೊಂಬೆಯ ಗಾಯ ಕಾಣುವಂತೆ ಚಿತ್ರ ತೆಗೆಯಿರಿ. ಕಾಡುಮರವನ್ನು ಯಾರೂ ಸವರುವುದಿಲ್ಲ. ಚಿತ್ರದಲ್ಲಿ ಅಳತೆಕೋಲೂ ತಾರೀಖು ಬರೆದ ಹಲಗೆಯೂ ಇರಲಿ. ಬದಿಯ ಜಮೀನಿನವರನ್ನು ನಿಲ್ಲಿಸಿ, ನಮ್ಮ ಹದ್ದುಬಸ್ತಿನಲ್ಲಿ ಮಾಡುವಂತೆ, ಅವರ ಎದುರಿಗೇ ಗಡಿ ತೋರಿಸಿ ಸಹಿ ಹಾಕಿಸಿ.

ಹದಿನೇಳನೆಯ ದಿನ ಗುಡ್ಡದ ಮೇಲಿನಿಂದ ಸಮವಸ್ತ್ರದ ಇಬ್ಬರು, ಅವರ ಹಿಂದೆ ಬಂದೂಕು ಹೊತ್ತ ಮೂವರು ಸಾಮಾನ್ಯ ಉಡುಪಿನವರು ಇಳಿದು ಬಂದರು. ಇದು ನಿಷೇಧಿತ ವಲಯ, ಹೊರಡಿ ಎಂದರು. ಆದೇಶದ ಕಾಗದ ಕೇಳಿದ್ದಕ್ಕೆ ಮೊಬೈಲಿನ ಪರದೆಯನ್ನು ಕ್ಷಣಮಾತ್ರ ತೋರಿಸಿದರು. ನನ್ನ ಮೊಣಕಾಲು ನಡುಗುತ್ತಿತ್ತು. ಹಜ್ಜಾ ಮಾತ್ರ ಹಾಸಿನ ಮೇಲೆ ಬಿದ್ದ ಕಾಯಿಯನ್ನು ಕೊನೆಯದರವರೆಗೂ ಚೀಲಕ್ಕೆ ತುಂಬಿ, ಅನಂತರವೇ ಎದ್ದರು. ಆ ಬದಿಯ ಎರಡು ಗೋಡೆಗಳ ಅಳತೆ ನನ್ನ ಪುಸ್ತಕದಲ್ಲಿ ಅಪೂರ್ಣವಾಗಿಯೇ ಇದೆ. ಅದು ನನ್ನನ್ನು ಇಂದಿಗೂ ಕೊರೆಯುತ್ತದೆ.

ಇಪ್ಪತ್ತಮೂರು ದಿನಗಳಲ್ಲಿ ಒಂಬತ್ತು ತುಂಡುಗಳ ನಕ್ಷೆ ಮುಗಿಸಿ ವಕೀಲರ ಕೈಗಿಟ್ಟು ಬಂದೆ. 2025ರ ಮೇ ತಿಂಗಳಲ್ಲಿ, ನಿಲ್ಲಿಸಿದ್ದ ಭೂ ನೋಂದಣಿಯನ್ನು, ಪಶ್ಚಿಮ ದಂಡೆಯಲ್ಲಿ ಪೂರ್ಣವಾಗಿ ಇಸ್ರೇಲಿನ ಹಿಡಿತದಲ್ಲಿರುವ ‘ಸಿ’ ಪ್ರದೇಶದಲ್ಲಿ ತಾನೇ ಮತ್ತೆ ಆರಂಭಿಸಲು ಇಸ್ರೇಲ್ ಸರ್ಕಾರ ನಿರ್ಧರಿಸಿದ ಸುದ್ದಿ ಬಂತು. ಇನ್ನು ಮೇಲೆ ಹಾಳೆ ಇಲ್ಲದವರ ಗತಿ ಮತ್ತಷ್ಟು ಕಷ್ಟ. ಆ ವಾರವೇ ಹಜ್ಜಾರ ಮೊಮ್ಮಗ ಮೊಬೈಲಿಗೆ ಒಂದು ಚಿತ್ರ ಕಳುಹಿಸಿದ. ಕುಸಿದಿದ್ದ ಗೋಡೆಯನ್ನು ಎತ್ತಿ ಕಟ್ಟಿದ್ದಾರೆ. ಹೊಸ ಕಲ್ಲುಗಳ ಬಣ್ಣ ಇನ್ನೂ ಬಿಳಿ. ಎಷ್ಟು ಉದ್ದ ಎಂದು ಕೇಳಿದೆ. ಅವನು ಟೇಪ್ ಹಿಡಿದು ಇನ್ನೊಂದು ಚಿತ್ರ ಕಳುಹಿಸಿದ. ಏಳನೆಯ ಗೋಡೆಯ ಎದುರು, 3.4 ಮೀಟರ್ ದುರಸ್ತಿ ಎಂದು ನನ್ನ ಪ್ರತಿಯಲ್ಲಿ ತಾರೀಖು ಹಾಕಿ ಬರೆದುಕೊಂಡೆ.