ಭಾನುವಾರ ಬೆಳಿಗ್ಗೆ ರಗ್ಬಿ ಕ್ಲಬ್ ಕಡೆ ಬನ್ನಿ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡದವರಿಗೆ

ಲೆಸ್ಟರ್, ನಾರ್ಥಾಂಪ್ಟನ್, ಕವೆಂಟ್ರಿ ಕಡೆ ಹೊಸದಾಗಿ ಮನೆ ಮಾಡಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆಗಳು. ಜಿಪಿ ಹತ್ತಿರ ಹೆಸರು ಬರೆಸೋದು ಹೇಗೆ, ಕೌನ್ಸಿಲ್ ಟ್ಯಾಕ್ಸ್ ಎಷ್ಟು, ಸೋನಾ ಮಸೂರಿ ಎಲ್ಲಿ ಸಿಗುತ್ತೆ. ಅದೆಲ್ಲ ಮುಗಿದು ಆರು ತಿಂಗಳಾದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. "ಅಕ್ಕ, ಇಲ್ಲಿ ಜನ ಎಲ್ಲಿ ಸಿಗ್ತಾರೆ? ಪಕ್ಕದ ಮನೆಯವರ ಹತ್ತಿರ ಹವಾಮಾನ ಬಿಟ್ಟು ಬೇರೆ ಮಾತೇ ಇಲ್ಲ." ಇದಕ್ಕೆ ನನ್ನ ಉತ್ತರ ಹಲವು ವರ್ಷಗಳಿಂದ ಒಂದೇ. ನಿಮ್ಮ ಊರಿನ ರಗ್ಬಿ ಕ್ಲಬ್‌ಗೆ ಹೋಗಿ.

ಬೇಸಿಗೆಗೆ ಕ್ರಿಕೆಟ್ ಇದೆ, ಸರಿ. ಆದರೆ ಇಲ್ಲಿ ಒಂಟಿತನ ಕಾಡೋದು ಚಳಿಗಾಲದಲ್ಲಿ. ರಗ್ಬಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಸೆಪ್ಟೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ತನಕ ನಡೆಯುತ್ತದೆ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನೂರಾರು ಜನ ಒಂದು ಬಯಲಿನಲ್ಲಿ ಸೇರುತ್ತಾರೆ. ಮಕ್ಕಳು ಆಡುತ್ತಾರೆ, ದೊಡ್ಡವರು ಪಕ್ಕದಲ್ಲಿ ನಿಂತು ಮಾತಾಡುತ್ತಾರೆ. ನನಗೆ ಈ ಊರಿನಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಅಲ್ಲೇ.

ಮೊದಲ ದಿನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಜನವರಿ, ಬೆಳಿಗ್ಗೆ ಒಂಬತ್ತೂವರೆ. ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಒಬ್ಬ ಹಿರಿಯರು ಪಿಚ್ (ಆಟದ ಬಯಲು) ತುಂಬ ನಡೆಯುತ್ತಾ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಿದ್ದರು. ಹಿಮ್ಮಡಿ ಒಳಗಿಳಿದರೆ ಆಟ ಉಂಟು. ಇಳಿಯದಿದ್ದರೆ ನೆಲ ಗಟ್ಟಿ, ಬಿದ್ದ ಮಗುವಿಗೆ ಪೆಟ್ಟಾಗುತ್ತದೆ, ಆ ದಿನ ಆಟ ಇಲ್ಲ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಕೊನೆಗೆ ಒಂದು ಮೂಲೆಯಲ್ಲಿ ನೆಲ ಮೆತ್ತಗಿತ್ತು. ಅಷ್ಟೇ ಜಾಗದಲ್ಲಿ ನಾಲ್ಕು ಕೋನ್ ಇಟ್ಟು ಮಕ್ಕಳನ್ನು ಆಡಿಸಿದರು. ನನ್ನ ಮಗನಿಗೆ ಆಗ ಆರು ವರ್ಷ. ಮನೆಗೆ ಬರುವಾಗ ಮೈಯೆಲ್ಲ ಕೆಸರು. ಫೋಟೋ ನೋಡಿ ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿ, "ಅಷ್ಟು ಚಳೀಲಿ ಮಗೂನ ಕೆಸರಿಗೆ ಬಿಟ್ಟಿದೀಯಲ್ಲೇ" ಅಂದರು. ನಮ್ಮ ಕಡೆ ಕೆಸರುಗದ್ದೆ ಓಟ ನೋಡಿ ಬೆಳೆದವರು ಅವರು. ಮಗನ ನಗು ನೋಡಿದ ಮೇಲೆ ಸುಮ್ಮನಾದರು.

ಪೆಟ್ಟಾಗುತ್ತೆ ಅನ್ನೋ ಭಯ ಎಲ್ಲ ಅಪ್ಪ ಅಮ್ಮಂದಿರಿಗೂ ಇರುತ್ತದೆ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಅಂಡರ್ ಸೆವೆನ್, ಅಂಡರ್ ಏಯ್ಟ್ ಮಕ್ಕಳಿಗೆ ಟ್ಯಾಕಲ್, ಅಂದರೆ ಚೆಂಡು ಹಿಡಿದವರನ್ನು ಕೆಡವೋದು, ಇಲ್ಲವೇ ಇಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿ ಎರಡೂ ಬದಿಗೆ ಒಂದೊಂದು ಬಣ್ಣದ ಪಟ್ಟಿ ಅಂಟಿಸುತ್ತಾರೆ. ಎದುರಾಳಿ ಆ ಪಟ್ಟಿ ಕಿತ್ತರೆ ಚೆಂಡನ್ನು ಪಾಸ್ ಮಾಡಬೇಕು. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಟ್ಯಾಕಲ್ ಶುರುವಾಗೋದು ಅಂಡರ್ ನೈನ್‌ನಿಂದ. ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೊಂಟ, ತೊಡೆಗೆ ಕೈ ಹಾಕಿ ತಬ್ಬಿ ಕೆಡವೋದು. ತಲೆ ಯಾವ ಕಡೆ ಇರಬೇಕು ಅನ್ನೋದನ್ನು ವಾರಗಟ್ಟಲೆ, ಮಂಡಿಯೂರಿ ಕೂರಿಸಿ ಕಲಿಸುತ್ತಾರೆ.

ಹಲ್ಲಿಗೆ ಪೆಟ್ಟಾಗದಂತೆ ಬಾಯಲ್ಲಿ ಇಟ್ಟುಕೊಳ್ಳುವ ಗಮ್‌ಶೀಲ್ಡ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗೋದನ್ನು ಹಾಗೇ ಬಾಯಿಗೆ ಇಡಬೇಡಿ. ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಮಗುವಿನ ಬಾಯಲ್ಲಿ ಇಟ್ಟು ಕಚ್ಚಿಸಬೇಕು. ಆಗ ಹಲ್ಲಿನ ಅಚ್ಚು ಬೀಳುತ್ತದೆ. ಹಾಲು ಹಲ್ಲು ಬಿದ್ದು ಹೊಸದು ಬರುವ ವಯಸ್ಸಿನಲ್ಲಿ ಪ್ರತಿ ವರ್ಷ ಹೊಸದು ತಗೊಳ್ಳಿ.

ತಲೆ ಪೆಟ್ಟಿನ ವಿಷಯದಲ್ಲಿ ಮಾತ್ರ ಯಾರ ಸಮಾಧಾನದ ಮಾತನ್ನೂ ಕೇಳಬೇಡಿ. 2023ರಲ್ಲಿ ಬ್ರಿಟನ್ನಿನ ಎಲ್ಲ ಹವ್ಯಾಸಿ ಆಟಗಳಿಗೂ ಸೇರಿ ಒಂದೇ ಮಾರ್ಗಸೂಚಿ ಬಂದಿದೆ. ತಲೆಗೆ ಪೆಟ್ಟಾಗಿದೆ ಅನ್ನೋ ಅನುಮಾನ ಬಂದರೂ ಸಾಕು, ಮಗುವನ್ನು ಹೊರಗೆ ಕರೆಯಬೇಕು. ಕನಿಷ್ಠ 21 ದಿನ ಪಂದ್ಯ ಇಲ್ಲ. ದೊಡ್ಡವರಿಗೂ ಅಷ್ಟೇ. ಅದೇ ವರ್ಷದಿಂದ ಊರ ಕ್ಲಬ್‌ಗಳ ಆಟದಲ್ಲಿ ಟ್ಯಾಕಲ್‌ನ ಎತ್ತರವನ್ನೂ ಎದೆಮೂಳೆಯ ಕೆಳತುದಿಗೆ ಇಳಿಸಿದರು. ಮೊದಲು ಸೊಂಟದ ತನಕ ಮಾತ್ರ ಅಂತ ಹೇಳಿದ್ದರು. ನಮ್ಮನ್ನು ಕೇಳದೆ ಹೇಗೆ ಮಾಡಿದಿರಿ ಅಂತ ಕ್ಲಬ್‌ನವರು ಸಿಟ್ಟಾದರು. ರಗ್ಬಿ ಮಂಡಳಿ ಕ್ಷಮೆ ಕೇಳಿ ಆಮೇಲೆ ಈ ಮಟ್ಟಕ್ಕೆ ಬಂತು. ಎತ್ತರ ಇಳಿಸಿದ್ದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಕೇಳಿ ಮಾಡಿದ್ದರೆ ಅಷ್ಟು ಮನಸ್ತಾಪ ಆಗುತ್ತಿರಲಿಲ್ಲ.

ಹೀಗೆ ಒಂದೆರಡು ತಿಂಗಳು ಹೋದಮೇಲೆ ಕ್ಲಬ್‌ಹೌಸ್‌ನಲ್ಲಿ ಚಹಾ ಹಿಡಿದು ಕೂತಾಗ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಈ ಆಟ ಎಲ್ಲಿಗೆ ಹೋಗುತ್ತಿದೆ ಅನ್ನೋ ಚಿಂತೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿನ್ನೆಲೆ ಬೇಕು.

ನಾನು ಹೇಳುತ್ತಿರುವ ಈ 15 ಜನರ ಆಟಕ್ಕೆ ರಗ್ಬಿ ಯೂನಿಯನ್ ಅಂತಾರೆ. ಅದರಲ್ಲಿ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡೋದಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಅಲ್ಲಿಂದ ಮೇಲಿನ ಕ್ಲಬ್‌ಗಳು ಕಂಪನಿಗಳ ಹಾಗಾದವು. ಸಂಬಳ ಏರಿತು, ಆದಾಯ ಅಷ್ಟು ಏರಲಿಲ್ಲ. ಶ್ರೀಮಂತ ಮಾಲೀಕರು ಕೈಯಿಂದ ಹಾಕಿ ನಡೆಸಿದರು. ಕೋವಿಡ್ ಬಂದು ಮೈದಾನ ಖಾಲಿಯಾದಾಗ ಸಾಲ ಇನ್ನೂ ಜಾಸ್ತಿಯಾಯಿತು. 2022ರ ಶರತ್ಕಾಲದಲ್ಲಿ ವೂಸ್ಟರ್ ವಾರಿಯರ್ಸ್ ಮುಳುಗಿತು. ಅದರ ಹಿಂದೆಯೇ ವಾಸ್ಪ್ಸ್, 1867ರಲ್ಲಿ ಹುಟ್ಟಿದ ಕ್ಲಬ್. ಮುಂದಿನ ಜೂನ್‌ನಲ್ಲಿ ಲಂಡನ್ ಐರಿಷ್. ಒಂದೇ ಸೀಸನ್ನಿನಲ್ಲಿ 13 ತಂಡಗಳ ಅತಿ ಮೇಲಿನ ಲೀಗ್ 10ಕ್ಕೆ ಇಳಿಯಿತು. ಎರಡನೇ ಹಂತದ ಚಾಂಪಿಯನ್ ಆಗಿದ್ದ ಜರ್ಸಿ ರೆಡ್ಸ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ನಮ್ಮ ಟಚ್‌ಲೈನ್‌ನಲ್ಲಿ (ಬಯಲಿನ ಅಂಚಿನಲ್ಲಿ) ವಾಸ್ಪ್ಸ್ ಟೋಪಿ ಹಾಕಿಕೊಂಡು ಬರುವ ಒಬ್ಬರಿದ್ದಾರೆ. ತಂಡ ಹೋದಮೇಲೂ ಆ ಟೋಪಿ ತೆಗೆದಿಲ್ಲ. ಅವರ ಹತ್ತಿರ ಈ ವಿಷಯ ಎತ್ತುವಾಗ ಸ್ವಲ್ಪ ಮೆಲ್ಲಗೆ ಎತ್ತಿ. ವೂಸ್ಟರ್ ಮಾತ್ರ 2025ರಲ್ಲಿ ಎರಡನೇ ಹಂತಕ್ಕೆ ವಾಪಸ್ ಬಂದಿದೆ.

ಇತ್ತೀಚಿನ ದೊಡ್ಡ ವಾದ ಬಾಗಿಲಿನದ್ದು. ಇಲ್ಲಿನ ಹಳೆಯ ಪದ್ಧತಿಯಲ್ಲಿ ಗೆದ್ದ ತಂಡ ಮೇಲಿನ ಹಂತಕ್ಕೆ ಏರುತ್ತದೆ, ಸೋತದ್ದು ಇಳಿಯುತ್ತದೆ. ಬೆಂಗಳೂರಿನ ಕೆಎಸ್‌ಸಿಎ ಡಿವಿಷನ್ ಲೀಗ್ ಆಡಿದವರಿಗೆ ಇದು ಹೊಸದಲ್ಲ. ಹಳ್ಳಿಯ ಕ್ಲಬ್ ಕೂಡ ಒಂದೊಂದೇ ಮೆಟ್ಟಿಲು ಹತ್ತಿ ತುದಿಗೆ ಹೋಗಬಹುದು, ಕನಸಾಗಿಯಾದರೂ. ಆದರೆ 2021ರಲ್ಲಿ ಸಾರಸೆನ್ಸ್ ಅನ್ನೋ ತಂಡ ಎರಡನೇ ಹಂತದಿಂದ ಮೇಲೇರಿದ ನಂತರದ ಸೀಸನ್‌ಗಳಲ್ಲಿ ಆ ತುದಿಯ ಬಾಗಿಲು ಮುಚ್ಚಿಕೊಂಡೇ ಇತ್ತು. ಪಶ್ಚಿಮ ಲಂಡನ್ನಿನ ಈಲಿಂಗ್ ಟ್ರೇಲ್‌ಫೈಂಡರ್ಸ್ 2022ರಲ್ಲೂ 2024ರಲ್ಲೂ ಎರಡನೇ ಹಂತವನ್ನು ಗೆದ್ದಿತು. ಮೈದಾನದಲ್ಲಿ ಪ್ರೇಕ್ಷಕರಿಗೆ ಬೇಕಾದಷ್ಟು ಜಾಗ ಇಲ್ಲ ಅಂತ ಮೇಲೆ ಬಿಡಲಿಲ್ಲ. ಬದಲಿಗೆ ನಮ್ಮ ಆರ್‌ಸಿಬಿ ಥರ ಫ್ರಾಂಚೈಸಿ ಮಾಡೋಣ, ಇಳಿಯೋ ಭಯ ಇಲ್ಲದಿದ್ದರೆ ಹೂಡಿಕೆ ಬರುತ್ತದೆ ಅನ್ನೋದು ಒಂದು ಕಡೆಯ ವಾದ. 2025ರಲ್ಲಿ ರೆಡ್ ಬುಲ್ ಕಂಪನಿ ನ್ಯೂಕಾಸಲ್ ತಂಡವನ್ನು ಕೊಂಡ ಮೇಲೆ ಆ ಮಾತಿಗೆ ಬಲ ಬಂತು.

ಆ ವಾದ ಮಾಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಕ್ಲಬ್ ಮುಳುಗಿದಾಗ ಆಟಗಾರರ ಜೊತೆ ಅಡುಗೆಯವರು, ಟಿಕೆಟ್ ಕೌಂಟರಿನವರು ಎಲ್ಲರ ಕೆಲಸವೂ ಹೋಗುತ್ತದೆ. ಆದರೂ ಬಾಗಿಲು ಪೂರ್ತಿ ಮುಚ್ಚಬಾರದು ಅಂತಲೇ ನಾನು ಹೇಳೋದು. ಆರ್‌ಸಿಬಿ ಹುಟ್ಟಿದ್ದೇ ಫ್ರಾಂಚೈಸಿಯಾಗಿ. ಅದರ ಕೆಳಗೆ ಊರೂರಿನ ಹಳೆ ಕ್ಲಬ್‌ಗಳ ಏಣಿ ಇರಲಿಲ್ಲ. ಇಲ್ಲಿ ಇದೆ. ಆ ಏಣಿಯ ಎಲ್ಲ ಮೆಟ್ಟಿಲಿನಲ್ಲೂ ಯಾರೋ ಒಬ್ಬರು ಬೆಳಿಗ್ಗೆ ಎದ್ದು ಪಿಚ್‌ಗೆ ಗೆರೆ ಎಳೆಯುತ್ತಾರೆ.

ದುಡ್ಡಿನ ದಾರಿಯನ್ನೂ ತಿಳಿದುಕೊಳ್ಳಿ. ಆಟವನ್ನು ನಡೆಸುವ ಮಂಡಳಿಗೆ ಆರ್‌ಎಫ್‌ಯು ಅಂತಾರೆ, 1871ರದ್ದು. ಅದಕ್ಕೆ ಹೆಚ್ಚಿನ ಆದಾಯ ಬರೋದು 82,000 ಜನ ಕೂರುವ ಟ್ವಿಕನಂ ಮೈದಾನದ ಅಂತರರಾಷ್ಟ್ರೀಯ ಪಂದ್ಯಗಳಿಂದ. ಅದರಲ್ಲಿ ಮೇಲಿನ ಕ್ಲಬ್‌ಗಳಿಗೆ ವರ್ಷಕ್ಕೆ ಸುಮಾರು 33 ಮಿಲಿಯನ್ ಪೌಂಡ್ ಕೊಡುವ ಎಂಟು ವರ್ಷದ ಒಪ್ಪಂದ 2024ರಲ್ಲಿ ಆಯಿತು. ಊರ ಕ್ಲಬ್‌ಗಳಿಗೂ ಪಾಲು ಹೋಗುತ್ತದೆ, ಅದು ಸಾಲದು ಅನ್ನೋದು ಅವರ ಕೂಗು. ಅದೇ ವರ್ಷ ಮಂಡಳಿ ಭಾರಿ ನಷ್ಟ ತೋರಿಸಿತು, ನೌಕರರನ್ನು ತೆಗೆಯಿತು. ಮುಖ್ಯಾಧಿಕಾರಿ ಬಿಲ್ ಸ್ವೀನಿಯವರಿಗೆ ಬೋನಸ್ ಸೇರಿ 1.1 ಮಿಲಿಯನ್ ಪೌಂಡ್ ಸಂದಾಯವಾಗಿದ್ದು ಹೊರಬಿತ್ತು. ಕ್ಲಬ್‌ಗಳು ವಿಶೇಷ ಸಭೆ ಕರೆಸಿದವು. 2025ರ ಮಾರ್ಚ್‌ನಲ್ಲಿ ಅವರ ಮೇಲೆ ಅವಿಶ್ವಾಸದ ಮತ ಬಂತು. 466 ಮತ ಅವರ ಪರವಾಗಿ, 206 ವಿರುದ್ಧ. ಅವರು ಉಳಿದುಕೊಂಡರು. ಅವರು ಉಳಿದದ್ದಕ್ಕಿಂತ ನನಗೆ ಮುಖ್ಯವಾಗಿ ಕಂಡಿದ್ದು, ಊರಿನ ಸಣ್ಣ ಕ್ಲಬ್‌ಗೂ ಆ ಸಭೆಯಲ್ಲಿ ಮತ ಇದೆ ಅನ್ನೋದು. ನಿಮ್ಮ ಕ್ಲಬ್‌ನಲ್ಲಿ ನೀವು ಸದಸ್ಯರಾದರೆ ಆ ಮತ ಯಾವ ಕಡೆ ಹೋಗಬೇಕು ಅಂತ ನೀವೂ ಮಾತಾಡಬಹುದು.

ಕೆಳಗಿನ ಮಟ್ಟದ ನಿಜವಾದ ಕಾಯಿಲೆ ಬೇರೆ. ಜನ ಸಾಲದು. ಮೊದಲು ಮೂರು ನಾಲ್ಕು ದೊಡ್ಡವರ ತಂಡ ಇಳಿಸುತ್ತಿದ್ದ ಎಷ್ಟೋ ಕ್ಲಬ್‌ಗಳಿಗೆ ಈಗ ಎರಡನೆಯದೇ ಕಷ್ಟ. ಶನಿವಾರ ಕೆಲಸ ಇರುವವರು ಜಾಸ್ತಿ, ಹದಿನೆಂಟು ತುಂಬಿದ ಹುಡುಗರು ಯೂನಿವರ್ಸಿಟಿಗೆ ಹೋಗಿ ವಾಪಸ್ ಬರೋದಿಲ್ಲ. ಗುರುವಾರ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂದೇ ಬರುತ್ತದೆ: "ಸೆಕೆಂಡ್ಸ್‌ಗೆ ಪ್ರಾಪ್ ಬೇಕು, ಯಾರಾದರೂ ಇದ್ದಾರಾ?" ಸೆಕೆಂಡ್ಸ್ ಅಂದರೆ ಎರಡನೇ ತಂಡ. ಸ್ಕ್ರಮ್ ಅಂದರೆ ಎರಡೂ ತಂಡದವರು ತಲೆ ತಗ್ಗಿಸಿ, ಹೆಗಲು ಜೋಡಿಸಿ ಎದುರುಬದುರಾಗಿ ತಳ್ಳೋದು. ಪ್ರಾಪ್ ನಿಲ್ಲೋದು ಅದರ ಮುಂದಿನ ಸಾಲಿನಲ್ಲಿ, ಅಲ್ಲಿಗೆ ತರಬೇತಿ ಆದವರೇ ಬೇಕು. ಕತ್ತಿನ ಮೇಲೆ ಭಾರ ಬೀಳುವ ಜಾಗ ಅದು, ಯಾರನ್ನೋ ತಂದು ನಿಲ್ಲಿಸೋಕೆ ಆಗಲ್ಲ. ಅವರು ಸಿಗದಿದ್ದರೆ ಸ್ಕ್ರಮ್‌ನಲ್ಲಿ ತಳ್ಳೋದೇ ಇಲ್ಲ, ಕೆಲವು ಸಲ ಪಂದ್ಯವೇ ಇಲ್ಲ. ಪಂದ್ಯ ಇಲ್ಲದ ಶನಿವಾರ ಬಾರ್ ಖಾಲಿ. ಫ್ಲಡ್‌ಲೈಟಿನ ಕರೆಂಟ್ ಬಿಲ್ ಕಟ್ಟೋದು ಆ ಬಾರಿನ ದುಡ್ಡಿನಿಂದ. 2022ರಲ್ಲಿ ಕೆಳಗಿನ ಲೀಗ್‌ಗಳನ್ನು ಹೊಸದಾಗಿ ಹೊಂದಿಸಿ ಪ್ರಯಾಣ ಕಡಿಮೆ ಮಾಡಿದ್ದು ಇದೇ ಕಾರಣಕ್ಕೆ.

ಉತ್ತರದ ಕಡೆ, ಲೀಡ್ಸ್, ಹಡರ್ಸ್‌ಫೀಲ್ಡ್, ವಿಗನ್ ಸುತ್ತ ಇರುವವರು ಒಂದು ವಿಷಯ ಗಮನಿಸಿ. ಅಲ್ಲಿ ರಗ್ಬಿ ಅಂದರೆ ಹೆಚ್ಚಾಗಿ ರಗ್ಬಿ ಲೀಗ್, 13 ಜನರ ಬೇರೆಯೇ ಆಟ. ಶನಿವಾರ ಗಿರಣಿ, ಗಣಿ ಕೆಲಸ ಬಿಟ್ಟು ಆಡಲು ಬಂದವರಿಗೆ ಕಳೆದುಕೊಂಡ ಕೂಲಿ ಕೊಡಿ ಅಂತ ಉತ್ತರದ ಕ್ಲಬ್‌ಗಳು ಕೇಳಿದವು. ದಕ್ಷಿಣದವರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸಭೆ ಸೇರಿ ಬೇರೆಯಾದರು. ಕೆಲಸಗಾರರನ್ನು ಒಳಗೆ ಕರೆಯೋದು ಹೇಗೆ ಅನ್ನೋ ಪ್ರಶ್ನೆ ಯೂನಿಯನ್‌ಗೆ ಇನ್ನೂ ಇದೆ. ಇದು ದುಬಾರಿ ಶಾಲೆಯವರ ಆಟ ಅಂತ ನಿಮಗೆ ಯಾರಾದರೂ ಹೇಳಿದರೆ, ಮೇಲಿನ ಮಟ್ಟದ ಬಗ್ಗೆ ಅದರಲ್ಲಿ ಸ್ವಲ್ಪ ನಿಜ ಇದೆ. ನಮ್ಮ ಮಿನೀಸ್ (ಪುಟ್ಟ ಮಕ್ಕಳ) ತಂಡದ ಅಪ್ಪಂದಿರಲ್ಲಿ ಪ್ಲಂಬರ್ ಇದ್ದಾರೆ, ಬಸ್ ಡ್ರೈವರ್ ಇದ್ದಾರೆ, ಹುಬ್ಬಳ್ಳಿಯ ಒಬ್ಬ ಡಾಕ್ಟರೂ ಇದ್ದಾರೆ.

ಹೆಣ್ಣುಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. 2025ರ ಸೆಪ್ಟೆಂಬರ್ 27ರಂದು ಟ್ವಿಕನಂನಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನಡೆಯಿತು. ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿತು, 81,885 ಜನ ನೋಡಿದರು. ನಾನು ಮಗಳ ಜೊತೆ ಟಿವಿ ಮುಂದೆ ಕೂತಿದ್ದೆ, ಕೊನೆಗೆ ಇಬ್ಬರ ಕಣ್ಣಲ್ಲೂ ನೀರು. ಅಂಡರ್ ಇಲೆವೆನ್ ತನಕ ಹುಡುಗ ಹುಡುಗಿಯರು ಒಟ್ಟಿಗೇ ಆಡಬಹುದು, ಆಮೇಲೆ ಬೇರೆ ತಂಡ. ನಿಮ್ಮ ಕ್ಲಬ್‌ನಲ್ಲಿ ಹುಡುಗಿಯರ ತಂಡ ಇಲ್ಲದಿದ್ದರೆ ಪಕ್ಕದ ಊರಿನಲ್ಲಿ ವಿಚಾರಿಸಿ. ಎಷ್ಟೋ ಕಡೆ ಎರಡು ಮೂರು ಕ್ಲಬ್ ಸೇರಿ ನಡೆಸುತ್ತವೆ.

ಮಾತಿಗೆ ಒಂದು ಎಳೆ ಬೇಕಾದರೆ ಕಲ್ಕತ್ತಾ ಕಪ್ ವಿಷಯ ತೆಗೆಯಿರಿ. ಕಲ್ಕತ್ತಾದಲ್ಲಿ ಬ್ರಿಟಿಷರು ನಡೆಸುತ್ತಿದ್ದ ರಗ್ಬಿ ಕ್ಲಬ್ 1878ರಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಬಟ್ಟಲು ಮಾಡಿಸಿದರು. ನಾಗರಹಾವಿನ ಮೂರು ಹಿಡಿ, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಇವತ್ತಿಗೂ ಅದಕ್ಕಾಗಿಯೇ ಆಡುತ್ತವೆ.

ನೀವು ಆಡಬೇಕಂತಿಲ್ಲ. ಕುಡಿಯಬೇಕಂತಲೂ ಇಲ್ಲ, ಕ್ಲಬ್‌ಹೌಸ್‌ನಲ್ಲಿ ಕಿತ್ತಳೆ ಜ್ಯೂಸ್ ಹಿಡಿದು ಕೂತರೆ ಯಾರೂ ಏನೂ ಅನ್ನಲ್ಲ. ಮಾಂಸ ತಿನ್ನದವರಿಗೆ ಚಿಪ್ಸ್, ಚೀಸ್ ಬನ್ ಸಿಗುತ್ತದೆ. ಆದರೆ ಕೈ ಜೋಡಿಸಿ. ಲೆಕ್ಕ ಗೊತ್ತಿರುವವರು ಖಜಾಂಚಿಗೆ ಸಹಾಯ ಮಾಡಿ, ಕಂಪ್ಯೂಟರ್ ಕೆಲಸದವರು ಸದಸ್ಯರ ಪಟ್ಟಿ ನೋಡಿಕೊಳ್ಳಿ. ಮಕ್ಕಳ ಜೊತೆ ಕೆಲಸ ಮಾಡೋದಾದರೆ ಡಿಬಿಎಸ್ ಅನ್ನೋ ಹಿನ್ನೆಲೆ ತಪಾಸಣೆ ಇದೆ, ವಾಲಂಟಿಯರ್‌ಗಳಿಗೆ ಅದು ಉಚಿತ. ನಾನು ಫಸ್ಟ್ ಏಡ್ ಕೋರ್ಸ್ ಮಾಡಿಕೊಂಡೆ. ಈಗ ಭಾನುವಾರ ಹಸಿರು ಬ್ಯಾಗ್ ನನ್ನ ಹೆಗಲ ಮೇಲೆ.

ಮೊದಲ ದಿನಕ್ಕೆ ಹಳೆ ಟ್ರ್ಯಾಕ್ ಪ್ಯಾಂಟ್, ಎರಡು ಜೊತೆ ಕಾಲುಚೀಲ, ಕೆಸರಿನ ಬೂಟಿಗೆ ಒಂದು ಪ್ಲಾಸ್ಟಿಕ್ ಚೀಲ, ಫ್ಲಾಸ್ಕಿನಲ್ಲಿ ಕಾಫಿ ಸಾಕು. ಸಾಮಾನ್ಯವಾಗಿ ಒಂದೆರಡು ವಾರ ದುಡ್ಡು ಕೇಳದೆ ಆಡಲು ಬಿಡುತ್ತಾರೆ. ಗೇಟಿನ ಹತ್ತಿರ ಯಾರನ್ನಾದರೂ ನಿಲ್ಲಿಸಿ, ಮಗುವಿನ ವಯಸ್ಸು ಹೇಳಿ, ಆ ಗುಂಪಿನ ಮ್ಯಾನೇಜರ್ ಯಾರು ಅಂತ ಕೇಳಿ. ಅವರೇ ಕೈಹಿಡಿದು ಕರೆದುಕೊಂಡು ಹೋಗುತ್ತಾರೆ.